ಹೊಂಡದ ಓಣಿಗೆ ಕಲ್ಲು ಹುಗಿದದ್ದು

ಓಣಿಯ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಎಲ್ಲರಿಗಿಂತ ಮೊದಲು ರಾಯವ್ವ ಬಂದು ನಿಂತದ್ದನ್ನು ನೋಡಿ ದರ್ಜಿ ಸತ್ಯಪ್ಪನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮಸಿಯ ಪ್ಯಾಡು ಮುಂದೆ ಸರಿಸುವುದನ್ನೂ ಮರೆತು ಕುಳಿತ.

ಅರ್ಜಿಯೇನೋ ಸಣ್ಣದು. ಹೊಂಡದ ಓಣಿಯ ಬಾಯಿಗೆ ಕಲ್ಲಿನ ಕಂಬ ಹುಗಿದು ಚಕ್ಕಡಿ ಬಾರದಂತೆ ಮಾಡಬೇಕು, ಅಷ್ಟೆ. ಗೋಕಾಕಿನ ದೊಡ್ಡ ರಸ್ತೆಯಲ್ಲಿ ಸರಕಾರಿ ಮೋಟಾರು ಓಡಾಡತೊಡಗಿದ ಮೇಲೆ ಹಾರ್ನಿಗೆ ಎತ್ತುಗಳು ಬೆದರುತ್ತಿದ್ದವು. ಅಂಕಲಗಿ ಕಡೆಯ ಬೆಲ್ಲದ ಚಕ್ಕಡಿಗಳೆಲ್ಲ ಪೇಟೆಗೆ ಹೋಗಲು ಈ ಒಳದಾರಿ ಹಿಡಿದವು. ಹೊತ್ತು ಹುಟ್ಟಿದರೆ ಸಾಕು, ಗಡಗಡ ಸದ್ದು, ಧೂಳು, ಬೈಗುಳ. ಕಟ್ಟೆಗಳ ಮೂಲೆ ಒಡೆದವು. ಸತ್ಯಪ್ಪ ಅದನ್ನೂ ಸಹಿಸಿದ. ಆದರೆ ಹೋದ ಸಂತೆಯ ದಿನ ಅವನ ಪುಟ್ಟ ಮೊಮ್ಮಗಳು ಅಂಬೆಗಾಲಿಡುತ್ತ ನೇರ ಗಾಲಿಯ ಕಡೆಗೇ ಹೋಗಿಬಿಟ್ಟಳು. ಕಾಲು ಹಿಡಿದೆಳೆದು ಉಳಿಸಿದವಳು ಇದೇ ರಾಯವ್ವ. ಮರುದಿನವೇ ಸತ್ಯಪ್ಪ ಹೊಲಿಗೆ ಬದಿಗಿಟ್ಟು ಮುನಸಿಪಾಲ್ಟಿಗೆ ಹೋಗಿದ್ದ.

ಮುನಸಿಪಾಲ್ಟಿಯವರು ಒಂದೇ ಮಾತು ಹೇಳಿದ್ದರು. ಓಣಿಯ ಎಲ್ಲ ಮನೆಯವರೂ ಒಪ್ಪಿದರೆ ಕಲ್ಲು ಹುಗಿಸುತ್ತೇವೆ, ಒಬ್ಬರು ಬೇಡವೆಂದರೂ ಇಲ್ಲ. ಆ ಒಬ್ಬರು ಯಾರಾದಾರೆಂದು ಸತ್ಯಪ್ಪನಿಗೆ ಗೊತ್ತಿತ್ತು. ಗಂಡ ಸತ್ತ ಮೇಲೆ ರಾಯವ್ವ ಬದುಕಿದ್ದೇ ಸೆಗಣಿ ತಟ್ಟಿ, ಒಣಗಿಸಿದ ಕುಳ್ಳು ಮಾರಿ. ಮನೆಯಲ್ಲಿ ಒಂದು ದನವಿಲ್ಲ. ಚಕ್ಕಡಿಯ ಎತ್ತುಗಳು ದಾರಿಯಲ್ಲಿ ಹಾಕಿ ಹೋದ ಸೆಗಣಿಯೇ ಅವಳ ಬಂಡವಾಳ. ಅದಾದರೂ ಸಲೀಸಾಗಿ ಸಿಗುತ್ತಿತ್ತೇ? ಯಾರ ಬಾಗಿಲ ಮುಂದೆ ಬಿತ್ತೋ ಅದು ಆ ಮನೆಯವಳದು, ಇದು ಓಣಿಯ ಕಟ್ಟಳೆ. ರಾಯವ್ವನ ಮನೆಯೋ ಓಣಿಯ ಬಾಯಲ್ಲಿ, ತಿರುವಿನ ಆಚೆ, ಬೇವಿನ ಮರವಿದ್ದ ಅಗಲ ಜಾಗದಲ್ಲಿ. ಎತ್ತುಗಳು ಅಲ್ಲಿ ಓಡುತ್ತಲೇ ದಾಟಿಬಿಡುತ್ತಿದ್ದವು. ಪಾಪ, ಬುಟ್ಟಿ ಹಿಡಿದು ಚಕ್ಕಡಿಗಳ ಹಿಂದೆ ಓಡುವಳು, ಕಂಡವರ ಬಾಗಿಲ ಮುಂದಿನದನ್ನು ಬಾಚುವಳು, ಬೈಸಿಕೊಳ್ಳುವಳು. ಸತ್ಯಪ್ಪನ ಹೆಂಡತಿ ಹನಮವ್ವ ಒಮ್ಮೆ ಅವಳ ಬುಟ್ಟಿಯನ್ನೇ ಕಸಿದು ಸುರುವಿಕೊಂಡಿದ್ದಳು. ಈಗ ಅಂಥವಳ ಅನ್ನಕ್ಕೆ ಕಲ್ಲು ಹಾಕಲು ಅವಳದೇ ಹೆಬ್ಬೆಟ್ಟು ಕೇಳಬೇಕು. ಯಾವ ಮುಖ ಇಟ್ಟುಕೊಂಡು ಕೇಳುವುದು?

ಕೇಳುವ ಪ್ರಸಂಗವೇ ಬರಲಿಲ್ಲ. ತಾನಾಗಿಯೇ ಬಂದಿದ್ದಳು.

"ಇನ್ನೊಮ್ಮಿ ವಿಚಾರ ಮಾಡವಾ ತಂಗಿ," ಎಂದ ಸತ್ಯಪ್ಪ. "ನಾಳಿ ನಿನ್ನ ಗತಿ ಏನ?"

"ಅದನ್ನ ನನಗ ಬಿಡ್ರಿ ಅಣ್ಣಾರ. ಅವುಗಳ ಹಿಂದ ಓಡಿ ಓಡಿ ನನಗೂ ಸಾಕಾಗೇತಿ."

ಒಂದೇ ಒಂದು ಮಾತು ಕೇಳಿಕೊಂಡಳು. ಕಲ್ಲನ್ನು ತನ್ನ ಮನೆಯ ಆಚೆಗಲ್ಲ, ತನ್ನ ಮನೆ ದಾಟಿದ ಮೇಲೆ ಒಳಗೆ ಹುಗಿಯಲಿ. ತಿಳಿಯದೆ ಬಂದ ಚಕ್ಕಡಿ ತಿರುಗಲು ಜಾಗ ಬೇಕಲ್ಲ. ಧೂಳು, ಗದ್ದಲ ಏನಿದ್ದರೂ ತನ್ನ ಬಾಗಿಲಿಗೇ ಇರಲಿ, ತನ್ನ ಮನೆಯಲ್ಲಿ ಕೂಸು ಕುನ್ನಿ ಯಾವುದೂ ಇಲ್ಲ.

ಸತ್ಯಪ್ಪ ಮಸಿಯ ಪ್ಯಾಡು ಅವಳ ಮುಂದೆ ಸರಿಸಿದ. ಸುದ್ದಿ ಕೇಳಿ ಓಣಿಯ ಮಂದಿಯೆಲ್ಲ ಮೆತ್ತಗಾದರು. ಬುಟ್ಟಿ ಕಸಿದಿದ್ದ ಹನಮವ್ವ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳು ಹೇಳಿದ ಜಾಗಕ್ಕೇ ಕಲ್ಲು ಬಿದ್ದವು. ಮರುದಿನ ಸಂತೆ. ಓಣಿಯಲ್ಲಿ ಗಾಲಿಯ ಸದ್ದೇ ಇಲ್ಲ. ಹಮಾಲರು ಮಾತ್ರ ಬೆಲ್ಲದ ಪೆಂಟೆ ಹೊತ್ತು ಪೇಟೆಯ ಕಡೆ ಹೋಗುತ್ತಿದ್ದರು, ಬರಿಗೈಯಲ್ಲಿ ಮರಳುತ್ತಿದ್ದರು. ನಡೆದು ಹೋಗುವವರಿಂದ ಯಾರಿಗೆ ಏನು ತೊಂದರೆ? ಮೊಮ್ಮಗಳು ಓಣಿಯ ನಟ್ಟನಡುವೆ ಕುಳಿತು ಮಣ್ಣಾಡಿದಳು.

ಸತ್ಯಪ್ಪನಿಗೆ ಮಾತ್ರ ತುತ್ತು ಇಳಿಯಲಿಲ್ಲ. ರಾಯವ್ವನ ಮನೆಯ ಕಡೆ ತಲೆ ಎತ್ತಿ ನೋಡಲೂ ನಾಚಿಕೆ. ಮುಂಜಾನೆಯಿಂದ ಬಾಗಿಲ ಮುಂದೆ ಒಂದು ಹಿಡಿ ಸೆಗಣಿ ಬೀಳಲಿಲ್ಲ, ಇನ್ನು ಒಲೆಗೆ ಏನು ಹಾಕುವುದು ಎಂದು ಹನಮವ್ವ ಗೊಣಗಿದಾಗ ಅವನಿಗೆ ಸಿಟ್ಟು ನೆತ್ತಿಗೇರಿತು. ನಿನಗೆ ಒಲೆಯೊಳಗಿನ ಚಿಂತೆ, ಆ ಹೆಂಗಸಿಗೆ ಒಲೆಯ ಮೇಲೆ ಇಡಲಿಕ್ಕೇ ಏನೂ ಇಲ್ಲ ಎಂದು ರೇಗಿದ. ಹೊತ್ತು ಇಳಿಯುವ ಮುಂದೆ ಚೀಲ ಹಿಡಿದು ಮನೆ ಮನೆಗೆ ಹೋಗಿ ಜೋಳ ಬೇಡಿದ. ಯಾರೂ ಇಲ್ಲವೆನ್ನಲಿಲ್ಲ. ತುಂಬಿದ ಚೀಲ ಹೆಗಲಿಗೇರಿಸಿ, ಅವಳಿಗೆ ನೋವಾಗದಂತೆ ಏನು ಹೇಳಿ ಕೊಡಬೇಕೆಂದು ಮಾತು ಹುಡುಕುತ್ತ ಹೊರಟ.

ಕಲ್ಲು ದಾಟಿದವನು ಅಲ್ಲೇ ನಿಂತುಬಿಟ್ಟ.

ಬೇವಿನ ನೆರಳಲ್ಲಿ ಎತ್ತು ಬಿಚ್ಚಿದ ಚಕ್ಕಡಿಗಳು ಸಾಲುಗಟ್ಟಿದ್ದವು. ಮೋಟಾರಿನ ರಸ್ತೆಗೆ ಹೋಗಲೊಲ್ಲದ ಗಾಡಿಯವರೆಲ್ಲ ಕಲ್ಲಿನ ತನಕ ಬಂದು, ಮಾಲನ್ನು ಹಮಾಲರ ತಲೆಗೆ ಏರಿಸಿ, ಸಂತೆ ಮುಗಿಯಲೆಂದು ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ನಿನ್ನೆಯ ತನಕ ಓಡಿ ಹೋಗುತ್ತಿದ್ದ ಎತ್ತುಗಳು ಇಂದು ಮೇವು ಮೇಯುತ್ತ, ಅವಳಿಟ್ಟ ನೀರು ಕುಡಿಯುತ್ತ, ದಿನವಿಡೀ ರಾಯವ್ವನ ಬಾಗಿಲ ಮುಂದೆಯೇ ನಿಂತಿದ್ದವು. ಗೋಡೆ ಸೂರಿನವರೆಗೂ ಹಸಿ ಕುಳ್ಳು. ಕೆಳಗಿನ ಸೆಗಣಿಯ ರಾಶಿಯನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.

ಮೊಣಕೈವರೆಗೆ ಸೆಗಣಿಯಾಗಿದ್ದ ರಾಯವ್ವ ಚೀಲ ನೋಡಿದಳು, ಸತ್ಯಪ್ಪನ ಮುಖ ನೋಡಿದಳು.

"ಜ್ವಾಳ ಮನಿಗೆ ಒಯ್ರಿ ಅಣ್ಣಾರ. ನಾಳಿಂದ ಹನಮವ್ವನ್ನ ಕಳಸ್ರಿ, ತಟ್ಟಾಕ ನನ್ನೊಬ್ಬಾಕಿ ಕೈ ಸಾಲವಲ್ದು. ಪಗಾರ ಕೊಡ್ತೇನಿ."