ಒಣಗಿದ ದುಪ್ಪಟಿ

ಬಿಸಿನೀರಿನ ತಂಬಿಗೆ ಮಗುಚಿಬಿತ್ತು. ನೀರು ಹರಿದದ್ದು ಹರಿಯಬಾರದ ಜಾಗಕ್ಕೇ.

ಪುಸ್ತಕಕ್ಕೆ ರಟ್ಟು ಕಟ್ಟುವವಳು ತಟ್ಟನೆ ಬಗ್ಗಿದಳು. ಸೆರಗಿನಿಂದ ಒತ್ತಿ ಒತ್ತಿ ಒರೆಸಿದಳು. ಏನು ಪ್ರಯೋಜನ? ಪುಸ್ತಕದ ಮುಂದಿನ ರಟ್ಟಿನ ಒಳಮೈ ಆಗಲೇ ನೀರು ಕುಡಿದು ಉಬ್ಬಿತ್ತು. ಅಪ್ಪ ಕಸುಬು ಕಲಿಸುವಾಗ ನೂರು ಸಲ ಹೇಳಿದ್ದ ಮಾತು ಅದೊಂದೇ: "ಏನು ಬೇಕಾದ್ರೂ ಬಿಚ್ಚು, ಏನು ಬೇಕಾದ್ರೂ ಹೊಲಿ. ಮುಂದಿನ ರಟ್ಟಿನ ಒಳಗೆ ಮಾತ್ರ ನೀರು ಸೋಕಿಸಬೇಡ." ಯಾಕೆ ಎಂದು ಕೇಳಿದರೆ, "ನಮ್ಮಪ್ಪ ಹೇಳಿದ್ದು" ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನೆಲದಡಿಯ ಆ ಊರಿನಲ್ಲಿ ಮುನ್ನೂರು ಜನ, ಒಂದು ಬಾವಿ, ಒಂದು ಕಬ್ಬಿಣದ ಬಾಗಿಲು, ಒಂದೇ ಒಂದು ಪುಸ್ತಕ. ಎರಡು ತಲೆಯ ಹದ್ದು ಸೂರ್ಯನನ್ನು ನುಂಗಿದ್ದು, ಮೇಲಿನ ಲೋಕ ಸುಟ್ಟುಹೋದದ್ದು, ಅಲ್ಲಿ ಈಗ ಬೂದಿತಾಯಿ ಒಬ್ಬಳೇ ಅಲೆಯುತ್ತಿರುವುದು, ಎಲ್ಲವೂ ಅದರಲ್ಲಿತ್ತು. ಹೊರಗೆ ಕಾಲಿಟ್ಟವರಿಗೆ ಬೂದಿತಾಯಿ ಮೊದಲು ಹಸಿರು ತೋರಿಸಿ ಮರುಳು ಮಾಡುತ್ತಾಳೆ. ಮೂರನೆಯ ದಿನ ಬೂದಿ ಮಾಡುತ್ತಾಳೆ. ಅವರು ಒಳಗೆ ಮರಳಿದರೆ ಊರಿಗೆ ಊರೇ ಬೂದಿ. ಆದ್ದರಿಂದ ಬಾಗಿಲು ದಾಟಿದವರನ್ನು ಬಾಗಿಲಾಚೆಗೇ ಹಾಕಬೇಕು. ಇದನ್ನು ಮಕ್ಕಳೂ ಗಿಳಿಪಾಠದಂತೆ ಒಪ್ಪಿಸುತ್ತಿದ್ದರು.

ಓದುವ ಹಕ್ಕು ಮಾತ್ರ ಪಾಠಕರ ಮನೆತನದ್ದು. ರಟ್ಟು ಕಟ್ಟುವವರು ಅಕ್ಷರ ಕಲಿಯುವಂತಿರಲಿಲ್ಲ. ಕಲಿತರೆ ಕೈ ಸುಮ್ಮನಿರದು, ಏನಾದರೂ ತಿದ್ದಿಬಿಟ್ಟಾರು ಎಂಬ ಅನುಮಾನ.

ಮುತ್ತಜ್ಜಂದಿರು ಒಳಗೆ ಬಂದು ಹಾಕಿಕೊಂಡ ಆ ಬಾಗಿಲನ್ನು ನಿನ್ನೆಯವರೆಗೂ ಯಾರೂ ತೆರೆದಿರಲಿಲ್ಲ. ನಿನ್ನೆ ತೆರೆದವಳು ಇವಳ ಅಮ್ಮ.

ಅಮ್ಮ ಊರಿನ ಬಟ್ಟೆ ಒಗೆಯುವವಳು. ನೆಲದಡಿಯಲ್ಲಿ ಬಟ್ಟೆ ಆರಲು ನಾಲ್ಕು ದಿನ ಬೇಕು, ಆರಿದ ಮೇಲೂ ಮುಗ್ಗಲು ವಾಸನೆ. ಆದರೆ ನಿನ್ನೆ ಪಾಠಕರ ಮನೆಗೆ ಕೊಟ್ಟ ದುಪ್ಪಟಿ ಒಗೆದ ದಿನವೇ ಗರಿಗರಿಯಾಗಿ ಒಣಗಿತ್ತು. ಬೇರೆ ಸಾಕ್ಷಿ ಯಾಕೆ ಬೇಕು? ಕೇಳಿದಾಗ ಅಮ್ಮ ಸುಳ್ಳು ಹೇಳಲೂ ಇಲ್ಲ.

ಅವಳೀಗ ಮಗಳ ಕೆಲಸದ ಕೋಣೆಯ ಮೂಲೆಯಲ್ಲಿ ಒದ್ದೆ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಕೋಣೆಯ ಬಾಗಿಲಲ್ಲಿ ಕಾವಲಿನವನಿದ್ದ.

"ಅಮ್ಮಾ, ಪುಸ್ತಕದ ಮೇಲೆ ನೀರು ಚೆಲ್ಲಿಬಿಟ್ಟೆ."

"ಹೊರಗಿಟ್ರೆ ಅರ್ಧ ಗಂಟೇಲಿ ಒಣಗುತ್ತೆ."

"ತಮಾಷೆ ಮಾಡೋ ಹೊತ್ತಾ ಇದು? ನಿನ್ನ ಬೆರಳ ತುದಿ ನೋಡ್ಕೋ. ಬೆಳ್ಳಗಾಗಿದೆ. ಬೂದಿ ಹತ್ತೋಕೆ ಶುರುವಾಗಿದೆ."

"ಬಟ್ಟೆ ಒಗೆಯೋ ಸೋಡಾ ಕಣೇ. ಮೂವತ್ತು ವರ್ಷದಿಂದ ಹೀಗೇ ಇದೆ. ಇವತ್ತು ಕಣ್ಣಿಗೆ ಬಿತ್ತಾ?"

ಮಗಳು ದನಿ ತಗ್ಗಿಸಿದಳು. "ಅಲ್ಲಿ... ಏನು ಕಾಣಿಸ್ತು?"

"ಹಸಿರು," ಎಂದಳು ಅಮ್ಮ.

ಆ ಒಂದು ಮಾತಿಗೆ ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಪುಸ್ತಕ ಹೇಳಿದ್ದೂ ಅದನ್ನೇ.

ಪುಸ್ತಕದ ಬೆನ್ನು ಹರಿದಿತ್ತು. ಮೂರನೆಯ ಗಂಟೆ ಹೊಡೆಯುವುದರೊಳಗೆ ಹೊಲಿದು ಕೊಡಬೇಕು. ಕಬ್ಬಿಣದ ಬಾಗಿಲ ಮುಂದೆ ಅದರ ಓದು ಮುಗಿದ ಕೂಡಲೇ ಅಮ್ಮನನ್ನು ಆಚೆ ತಳ್ಳುತ್ತಾರೆ. ಹೆತ್ತವಳನ್ನು ಹೊರಗೆ ಹಾಕುವ ಪುಸ್ತಕಕ್ಕೆ ತಾನೇ ದಾರ ಎಳೆಯಬೇಕಾಗಿತ್ತು. ತಂಬಿಗೆ ಕೈತಪ್ಪಿ ಉರುಳಿದ್ದು ಅದಕ್ಕೇ.

ಉಬ್ಬಿದ ಅಂಚು ಮೆಲ್ಲಗೆ ಮೇಲೆದ್ದಿತು. ಅವಳು ರಟ್ಟು ಎಂದುಕೊಂಡಿದ್ದು ರಟ್ಟಲ್ಲ, ರಟ್ಟಿಗೆ ಮುಖ ಅಂಟಿಸಿದ್ದ ಒಂದು ಹಾಳೆ. ಮುಂದಿನ ರಟ್ಟು ಹಿಂದಿನದಕ್ಕಿಂತ ದಪ್ಪ ಯಾಕೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಹಾಳೆ ಪೂರ್ತಿ ಬಿಟ್ಟುಕೊಂಡು ಮಗುಚಿತು. ಮೇಲ್ಗಡೆ ದಪ್ಪ ಅಕ್ಷರ ನಾಲ್ಕು, ಕೆಳಗೆ ಇರುವೆ ಸಾಲಿನಂತೆ ಸಣ್ಣವು. ಏನೆಂದು ಅವಳಿಗೆ ಹೇಗೆ ತಿಳಿಯಬೇಕು? ಶಾಪವೇ ಇರಬೇಕು, ಇಲ್ಲದಿದ್ದರೆ ಹಿರಿಯರು ಹೀಗೆ ಬಚ್ಚಿಡುತ್ತಿದ್ದರೇ ಎನಿಸಿತು. ಮತ್ತೆ ಅಂಟಿಸೋಣವೆಂದರೆ ಅಂಟಿನ ಬಟ್ಟಲಿಗೂ ನೀರು ನುಗ್ಗಿ ಎಲ್ಲ ತೆಳ್ಳಗಾಗಿತ್ತು. ಬೆನ್ನಿಗೆ ಕೊನೆಯ ಹೊಲಿಗೆ ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು.

ಬಾಗಿಲ ಮುಂದೆ ಊರೇ ನೆರೆದಿತ್ತು. ಅಮ್ಮ ಒದ್ದೆ ಗಂಟು ಹೊತ್ತು ಬಂದಳು.

"ಅದ್ಯಾಕೆ?" ಎಂದರು ಪಾಠಕರು.

"ಹೇಗೂ ಹೋಗ್ತಾ ಇದೀನಲ್ಲ ಸ್ವಾಮಿ. ಒಣಗಿಸಿ ಬಾಗಿಲ ಹತ್ರ ಇಡ್ತೀನಿ, ಬೇಕಾದೋರು ತಗೊಳ್ಳಿ."

ಮಗಳು ಎರಡೂ ಕೈಯಲ್ಲಿ ಪುಸ್ತಕ ಒಪ್ಪಿಸಿದಳು. ಗಾಯವಾದ ಪುಸ್ತಕ ಕೊಟ್ಟವಳಿಗೂ ಅದೇ ಬಾಗಿಲು ಎಂಬುದು ಅವಳಿಗೆ ಗೊತ್ತಿತ್ತು. ಅಮ್ಮನ ಜೊತೆಗಾದರೂ ಹೋಗುತ್ತೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಆದರೂ ಭಯ ಇಳಿಯಲಿಲ್ಲ.

ಪಾಠಕರಿಗೆ ಕಣ್ಣು ಮಂಜು. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಮೊದಲು ಸಿಕ್ಕ ಅಕ್ಷರದ ಕೆಳಗೆ ಬೆರಳಿಟ್ಟರು. ಬೆರಳು ಹೋದಂತೆ ಬಾಯಿ ಹೋಗಬೇಕು. ಒಂದಕ್ಷರ ಬಿಟ್ಟರೂ, ನಡುವೆ ನಿಂತರೂ ಸೂರು ಕುಸಿಯುತ್ತದೆ. ಆ ಕಟ್ಟಳೆ ಅವರ ಮನೆತನದವರೇ ಮಾಡಿದ್ದು.

"ಬೂದಿತಾಯಿ," ಎಂದು ಗಟ್ಟಿಯಾಗಿ ಓದಿದರು. ಜನ ಕೈಮುಗಿದರು.

ಬೆರಳು ಸಣ್ಣ ಅಕ್ಷರಗಳಿಗೆ ಇಳಿಯಿತು. ಹುಬ್ಬು ಗಂಟಿಕ್ಕಿತು. ಅವರು ಒಮ್ಮೆ ಸೂರಿನ ಕಡೆ ನೋಡಿದರು, ಮತ್ತೆ ಬೆರಳಿನ ಕಡೆ. ನಿಲ್ಲಿಸುವಂತಿರಲಿಲ್ಲ. ಮಗಳು ಅಮ್ಮನ ಒದ್ದೆ ಕೈ ಹಿಡಿದು ಕಣ್ಣು ಮುಚ್ಚಿದಳು.

"ಕಾದಂಬರಿ. ಏಳನೆಯ ಮುದ್ರಣ. ಈ ಕಥೆಯಲ್ಲಿ ಬರುವ ಪಾತ್ರಗಳು, ಘಟನೆಗಳು ಎಲ್ಲವೂ ಕೇವಲ ಕಾಲ್ಪನಿಕ."