ಅರ್ಧ ಪಾಲು

ಡಾಕ್ಟರ್ ವರ್ಷಾ ಕೈಯಲ್ಲಿದ್ದ ರಿಮೋಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಗುರುಸಿದ್ದಪ್ಪನ ಬಲಗೈ ನಡುಗುವುದನ್ನು ನಿಲ್ಲಿಸಿತು.

"ಪೂರ್ತಿ ಹಾಕು," ಎಂದ ಅವನು ಹೆಂಡತಿಗೆ.

ಮಂದಾಕಿನಿ ಚೀಲದಿಂದ ಥರ್ಮಾಸ್ ತೆಗೆದಳು. ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡಾಗಿನಿಂದ ಅವನಿಗೆ ಅರ್ಧ ಕಪ್ ಚಹಾ ಅಷ್ಟೇ. ಅದಕ್ಕಿಂತ ಹೆಚ್ಚಾದದ್ದನ್ನೆಲ್ಲ ಅಂಗಿಯೇ ಕುಡಿಯುತ್ತಿತ್ತು. ಯಾರ ಮನೆಯಲ್ಲಾದರೂ ಮಕ್ಕಳಿಗೆ ಕೊಟ್ಟಂತೆ ಅರ್ಧ ಕೊಟ್ಟರೆ ಮುಖ ತಿರುಗಿಸಿಬಿಡುತ್ತಿದ್ದ. ಹೋದ ತಿಂಗಳು ತಲೆಯೊಳಗೆ ಸಣ್ಣ ತಂತಿಗಳನ್ನು ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸಿದ್ದರು. ಅದರಿಂದ ಎಷ್ಟು ಕರೆಂಟು ಹರಿಯಬೇಕೆಂದು ಇವತ್ತು ಗೊತ್ತುಮಾಡಬೇಕಿತ್ತು.

ಅಂಚಿನವರೆಗೆ ತುಂಬಿದ ಕಪ್ಪು ತುಟಿಗೆ ಹೋಯಿತು. ಒಂದು ಹನಿಯೂ ಚೆಲ್ಲಲಿಲ್ಲ. ಮಂದಾಕಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕರೆಂಟು ಹೆಚ್ಚಾದರೆ ಕೆಲವರಿಗೆ ಮಾತು ತೊದಲುತ್ತದೆ," ಎಂದಳು ಕನ್ನಡ ಬಾರದ ಡಾಕ್ಟರ್, ತೆಲುಗಿನಲ್ಲಿ. "ಅಂಕಲ್, ನಿಮ್ಮ ಕನ್ನಡದಲ್ಲೇ ಏನಾದರೂ ಹೇಳಿ. ಮೊದಲು ಆಂಟಿಯ ಹೆಸರು. ಮನೆಯಲ್ಲಿ ಮಾತಾಡುವ ಹಾಗೇ ಇದೆಯೋ ಇಲ್ಲವೋ, ನೀವು ಹೇಳಬೇಕಮ್ಮಾ."

ಗುರುಸಿದ್ದಪ್ಪನ ಮುಖ ಕೆಂಪಾಯಿತು. ಮದುವೆಯ ದಿನ, ಪ್ರಾಸದೊಳಗೆ ಹೆಂಡತಿಯ ಹೆಸರು ಕೂಡಿಸಿ ಒಡಪು ಹೇಳಿದರಷ್ಟೇ ಒಳಗೆ ಬಿಡುತ್ತೇವೆಂದು ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತಾಗ, ಹಿತ್ತಲ ಬಾಗಿಲಿನಿಂದ ನುಸುಳಿದ ಗಂಡಸು ಅವನು. ಅವತ್ತಿನಿಂದ ಅವಳಿಗಿದ್ದದ್ದು ಒಂದೇ ಹೆಸರು: 'ಏ, ಕೇಳಿಲ್ಲಿ.'

"ಮಾಂ... ಮಾಕ್ನಿ," ಎಂದ. ನಾಲಿಗೆ ಒದ್ದೆ ಬಟ್ಟೆಯಂತೆ ಮಡಚಿಕೊಂಡಿತು.

ಅಲುಗದೆ ನಿಂತ ಆ ಕೈಯನ್ನು ಮಂದಾಕಿನಿ ನೋಡಿದಳು. "ಬಾಗುಂದಿ ಡಾಕ್ಟರಮ್ಮಾ, ಬಾಗುಂದಿ," ಎಂದಳು. ಚೆನ್ನಾಗಿದೆ ಎಂದು ಒಂದಲ್ಲ, ಎರಡು ಸಲ.

ಗುರುಸಿದ್ದಪ್ಪ ಅವಳನ್ನೇ ದಿಟ್ಟಿಸಿದ. ಕಪ್ಪು ಕೆಳಗಿಟ್ಟು, ಕರೆಂಟು ಇಳಿಸಿರೆಂದು ಡಾಕ್ಟರಿಗೆ ಅದೇ ಕೈಯಿಂದ ಸನ್ನೆ ಮಾಡಿದ. ಅವಳು ಒತ್ತಿದಳು, ಮತ್ತೆ ಒತ್ತಿದಳು. ಬೆರಳುಗಳು ಅಲುಗತೊಡಗಿದವು. ಮೊದಲಿನಷ್ಟಲ್ಲ, ಕುದಿ ಬರುವ ಮುನ್ನ ಹಾಲು ಅಲುಗುವಷ್ಟು.

"ಅಯ್ಯ, ಕೈ ನೋಡ್ರಿ, ಮತ್ತ ನಡಗಾಕತ್ತೈತಿ!" ಮಂದಾಕಿನಿ ಎದ್ದೇ ಬಿಟ್ಟಳು. "ಈಗರ ತುಂಬಿದ ಕಪ್ಪು ಹಿಡಿದಿದ್ರಿ..."

"ಹಿಡದೆ, ಸಾಕು. ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ಸುಮ್ನ ಕೂಡು."

ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿತ್ತು. ಅವನು ಗಂಟಲು ಸರಿಮಾಡಿಕೊಂಡು, ಮೇಲೆ ತಿರುಗುವ ಫ್ಯಾನಿಗೆ ಹೇಳುವವನಂತೆ ಹೇಳಿದ:

"ಸುಲ್ತಾನ್ ಬಜಾರದಾಗ ಸೀರಿಗಳ ಸಾಲು,
ಮಂದಾಕಿನಿ ಕಾಸೋ ಚಹಾದಾಗ ನನಗರ್ಧ ಪಾಲು."

ಡಾಕ್ಟರಿಗೆ ಏನೂ ತಿಳಿಯಲಿಲ್ಲ. "ಮಾತು ಸ್ಪಷ್ಟ ಇತ್ತೇ ಅಮ್ಮಾ?" ಎಂದು ಕೇಳಿದಳು. ಮಂದಾಕಿನಿ ಹೌದೆಂದು ತಲೆಯಾಡಿಸಿದಳು. "ಹಾಗಾದರೆ ಸದ್ಯಕ್ಕೆ ಇಲ್ಲಿಗೇ ಇಡೋಣ. ಮುಂದಿನ ಸಲ ಮತ್ತೆ ನೋಡೋಣ," ಎಂದು ಡಾಕ್ಟರ್ ಹೊರಗೆ ಹೋದಳು.

"ಯಾವಾಗ ಕಟ್ಟಿದ್ರಿ ಈ ಒಡಪು?"

"ಹಿತ್ತಲ ಬಾಗಿಲದಾಗ ನಿಂತಾಗ. ಮುಂದಿನ ಬಾಗಿಲಿಗೆ ಬಂದು ಹೇಳಾಕ ಧೈರ್ಯ ಸಾಲಲಿಲ್ಲ."

ಮಂದಾಕಿನಿ ಮೂಗು ಒರೆಸಿಕೊಂಡಳು. ಕಪ್ಪಿನಲ್ಲಿದ್ದ ಚಹಾದ ಅರ್ಧವನ್ನು ಥರ್ಮಾಸಿನ ಮುಚ್ಚಳಕ್ಕೆ ಬಗ್ಗಿಸಿ, ಉಳಿದದ್ದನ್ನು ಅವನ ಕೈಗಿಟ್ಟಳು.

"ಮತ್ತ ಅರ್ಧ ಏನ?" ಗುರುಸಿದ್ದಪ್ಪ ಹುಬ್ಬೇರಿಸಿದ.

"ಇದು ನಂದು," ಎಂದಳು ಮಂದಾಕಿನಿ, ಮುಚ್ಚಳವನ್ನು ತುಟಿಗೆ ಹಿಡಿಯುತ್ತ. "ಪಾಲು ಮಾಡಿದವ್ರು ನೀವ ಅಲ್ರಿ?"