ಬೋರಲು ಹಾಕಿದ ಬುಟ್ಟಿ

"ಎಂಟನೇ ಸಲವೂ ನಮ್ಮಮ್ಮನ ಹೆಸರು ಬರಲಿಲ್ವಾ?" ಎಂದು ಪೆನಿನಾ ಫೋನಿನಲ್ಲಿ ಕೇಳಿದಳು. ಆಕ್ಲೆಂಡ್ ವಿಮಾನ ನಿಲ್ದಾಣದ ಪಕ್ಕದ ಅಡುಗೆಮನೆಯಲ್ಲಿ ವಿಮಾನಗಳಿಗೆ ಊಟದ ತಟ್ಟೆ ಜೋಡಿಸುವುದು ಅವಳ ಕೆಲಸ. ಚಹಾಕ್ಕೆಂದು ಸಿಕ್ಕ ಬಿಡುವೆಲ್ಲ ವೀಸಾ ಕಚೇರಿಯವರು ಫೋನ್ ಎತ್ತಲಿ ಎಂದು ಕಾಯುವುದಕ್ಕೇ ಹೋಗಿತ್ತು. ಹೊರದೇಶದಲ್ಲಿರುವ ಅಪ್ಪ ಅಮ್ಮಂದಿರನ್ನು ಕರೆಸಿಕೊಳ್ಳುವ ವೀಸಾಕ್ಕೆ ಮೂರು ತಿಂಗಳಿಗೊಮ್ಮೆ ಚೀಟಿ ಎತ್ತಿ ಹೆಸರು ಆರಿಸುತ್ತಾರೆ.

"ಇಲ್ಲ ಮೇಡಂ," ಎಂದಿತು ಆ ಕಡೆಯ ಹುಡುಗಿಯ ದನಿ. "ಎರಡು ವರ್ಷ ತುಂಬಿತಲ್ಲ, ಆ ಅರ್ಜಿ ರದ್ದಾಯ್ತು. ಮತ್ತೆ ಚೀಟಿಗೆ ಸೇರಿಸ್ಬೇಕು ಅಂದ್ರೆ ಹೊಸ ಅರ್ಜಿ, ಹೊಸ ಶುಲ್ಕ."

"ಹಳೇ ಶುಲ್ಕ?"

"ವಾಪಸ್ ಬರಲ್ಲ."

"ಹೋಗ್ಲಿ, ಒಟ್ಟು ಎಷ್ಟು ಹೆಸರಿತ್ತು? ಚೀಟಿ ಎತ್ತುವಾಗ ಯಾರು ನೋಡಿದ್ರು?"

"ಎಷ್ಟು ಅಂತ ನಮಗೆ ಹೇಳಲ್ಲ ಮೇಡಂ. ಎತ್ತೋದು ಕಂಪ್ಯೂಟರು. ಯಾರೂ ನೋಡಲ್ಲ. ಅದಕ್ಕೇ ಅದು ನ್ಯಾಯ ಅಂತಾರೆ."

ಪೆನಿನಾಗೆ ತಡೆಯಲಾಗಲಿಲ್ಲ. "ನಮ್ಮೂರ ಚರ್ಚಲ್ಲಿ ಒಂದು ಹಂದಿ ಬಹುಮಾನಕ್ಕೂ ಪಾದ್ರಿಯ ಹೆಂಡತಿ ಬುಟ್ಟಿ ಬೋರಲು ಹಾಕಿ, ಖಾಲಿ ಅಂತ ತೋರಿಸಿ, ಆಮೇಲೆ ಚೀಟಿ ಹಾಕ್ತಾರೆ ಕಣಮ್ಮ. ಸೋತೋರ ದುಡ್ಡು ಚರ್ಚಿನ ಮೇಲೆ ತಗಡಾಗಿ ಕೂತಿದೆ. ತಲೆ ಎತ್ತಿದ್ರೆ ಕಾಣುತ್ತೆ. ನನ್ನ ದುಡ್ಡು ಎಲ್ಲಿ ಕೂತಿದೆ, ನೀನೇ ಹೇಳು!"

ಹುಡುಗಿ ದನಿ ತಗ್ಗಿಸಿ ಅಂದಳು: "ಮೇಡಂ, ಇದನ್ನ ಹೇಳು ಅಂತ ನನಗ್ಯಾರೂ ಹೇಳಿಲ್ಲ. ಇವತ್ತು ಸಂಜೆ ಐದರೊಳಗೆ ದುಡ್ಡು ಕಟ್ಟಿಬಿಡಿ. ನಾಳೆ ಆದ್ರೆ ಮುಂದಿನ ಚೀಟಿಗೆ ಹೆಸರು ಸೇರಲ್ಲ, ಇನ್ನೂ ಮೂರು ತಿಂಗಳು ಹೋಗುತ್ತೆ." ಪೆನಿನಾಳ ಸಿಟ್ಟು ಅಲ್ಲಿಗೇ ಇಳಿಯಿತು. ಕೂಗಾಡಿದವಳಿಗೂ ಒಳ್ಳೆಯದು ಬಯಸಿದ ಆ ಹುಡುಗಿಯ ಹೆಸರು ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಇನ್ನು ಅಮ್ಮನಿಗೆ ಹೇಳಬೇಕು. ಸಮೋವಾದ ಸವಾಯಿ ದ್ವೀಪದಲ್ಲಿ ಎಪ್ಪತ್ತಾರರ ಪಲೆಪಾ ಬೆಳಿಗ್ಗೆಯೇ ಸ್ನಾನ ಮಾಡಿ, ಭಾನುವಾರದ ಬಿಳಿ ಉಡುಪು ತೊಟ್ಟು, ಫೋನಿನ ಮುಂದೆ ಕೂತಿರುತ್ತಾಳೆಂದು ಅವಳಿಗೆ ಗೊತ್ತು. ಹೆಸರು ಕರೆದಾಗ ಸಭೆಯಲ್ಲಿ ಇಲ್ಲದವರ ಚೀಟಿ ಲೆಕ್ಕಕ್ಕಿಲ್ಲವೆಂಬುದು ಚರ್ಚಿನ ನಿಯಮ. ಸರ್ಕಾರದ್ದೂ ಹಾಗೇ ಎಂದು ಮುದುಕಿಯ ನಂಬಿಕೆ. ಎಂಟು ಸಲವೂ ಹೀಗೇ ಅಣಿಯಾಗಿ ಕೂತಿದ್ದಾಳೆ. "ಕರೆದಾಗ 'ಇದ್ದೀನಿ' ಅನ್ನೋಕೆ ಜನ ಬೇಡ್ವೇನೇ?" ಎಂದು ಮಗಳಿಗೇ ಬುದ್ಧಿ ಹೇಳುತ್ತಾಳೆ. ಹೋದ ವರ್ಷ ನೀರಿನ ತೊಟ್ಟಿಯ ಹತ್ತಿರ ಬಿದ್ದ ಮೇಲೆ ಅವಳು ಕೋಲಿಲ್ಲದೆ ಏಳುವುದಿಲ್ಲ. ಪೆನಿನಾಳ ಆರು ವರ್ಷದ ಮಗಳಿಗೆ ಅಜ್ಜಿಯೆಂದರೆ ಫೋನಿನೊಳಗಿನ ಒಂದು ಮುಖ.

ಮೊದಲನೇ ಗಂಟೆಗೇ ಪಲೆಪಾ ಫೋನ್ ಎತ್ತಿದಳು. "ಇದ್ದೀನಿ, ಇದ್ದೀನಿ! ಬಂತೇನೇ?"

"ಇಲ್ಲಮ್ಮ."

"ಬುಟ್ಟಿ ಬೋರಲು ಹಾಕಿ ತೋರಿಸಿದ್ರಾ?"

ಪೆನಿನಾ ಗೋಡೆಗೆ ಒರಗಿದಳು. "ತೋರಿಸಿದ್ರು."

"ಎಲ್ಲರ ಎದುರಿಗೆ?"

"ಹೂಂ, ಎಲ್ಲರ ಎದುರಿಗೇ."

"ಹಾಗಾದ್ರೆ ಸರಿ ಬಿಡು. ಯಾರದೋ ಅಮ್ಮನಿಗೆ ಬಂತಲ್ಲ, ಪಾಪ, ಅವಳಿಗೂ ಮಂಡಿ ನೋವಿರುತ್ತೆ. ನೀನು ಚಪ್ಪಾಳೆ ತಟ್ಟಿದೆ ತಾನೇ?"

ಚರ್ಚಿನಲ್ಲಿ ಗೆದ್ದವರಿಗೆ ಮೊದಲು ಚಪ್ಪಾಳೆ ತಟ್ಟಬೇಕಾದವರು ಸೋತವರು. "ಇಲ್ಲಮ್ಮ," ಎಂದಳು ಪೆನಿನಾ.

"ತಟ್ಟಲಿಲ್ವಾ? ಥೂ, ಪಲೆಪಾ ಮಗಳು ಹೊಟ್ಟೆಕಿಚ್ಚಿನವಳು ಅಂದ್ಕೊಳ್ಳಲ್ವೇನೇ ಜನ? ತಡಿ, ಫೋನು ಹಿಡ್ಕೊಂಡಿರು."

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಕೋಲು ಊರಿದ ಸದ್ದಾಯಿತು. ಮುದುಕಿ ಎದ್ದು ನಿಂತಿದ್ದಳು. ಆಮೇಲೆ ಆ ಮನೆಯಲ್ಲಿ ಒಂದೇ ಜೊತೆ ಕೈಗಳ ಚಪ್ಪಾಳೆ ಶುರುವಾಯಿತು, ದೂರದ ಯಾರಿಗೋ ಕೇಳಿಸಲೆಂಬಂತೆ ನಿಧಾನವಾಗಿ, ಜೋರಾಗಿ. ಅದು ನಿಲ್ಲುವ ಮೊದಲೇ ಪೆನಿನಾ ಅದೇ ಫೋನಿನಲ್ಲಿ ಹೊಸ ಅರ್ಜಿ ತೆರೆದು ದುಡ್ಡು ಕಟ್ಟಿದಳು.